ಗುರುಶಾಂತಮ್ಮ ಕುಟ್ಟಿದ ಸೊಪ್ಪು

ಬಳೆ ಏರಲಿಲ್ಲ. ಬಸವಣ್ಣೆಮ್ಮ ಸತ್ತ ವಾರಗಿತ್ತಿಯ ಐದೂ ಬೆರಳುಗಳನ್ನು ಒಟ್ಟುಗೂಡಿಸಿ ಒತ್ತಿ ನೋಡಿದಳು. ಹಸಿರು ಗಾಜಿನ ಬಳೆ ಗೆಣ್ಣಿನ ಹತ್ತಿರ ಬಂದು ನಿಂತಿತು. ಇನ್ನೊಂದಿಷ್ಟು ಒತ್ತಿದ್ದೇ ಚಟ್ಟನೆ ಒಡೆಯಿತು. ಸುತ್ತ ಕೂತಿದ್ದ ಹೆಂಗಸರು ‘ಅಯ್ಯೋ ಶಿವನೇ’ ಅಂದರು. ಗಂಡನನ್ನು ಉಳಿಸಿ ಹೋದ ಮುತ್ತೈದೆಯ ಕೈಯಲ್ಲಿ ಬಳೆ ಒಡೆಯುವುದು ಯಾರ ಮನಸ್ಸಿಗೂ ಸರಿಬರುವಂಥದ್ದಲ್ಲ.

“ಸಾಬೂನಿನ ನೀರು ಹಚ್ಚಿದ್ರೆ ಏರ್ತತ್ರಿ,” ಎಂದು ಬಾಗಿಲ ಹತ್ತಿರ ನಿಂತಿದ್ದ ಮಾಬೂಬೀ ಮೆಲ್ಲಗೆ ಹೇಳಿದಳು.

ಬಸವಣ್ಣೆಮ್ಮ ತಿರುಗಿ ನೋಡಿದಳು. ತಾಯಿಯ ಕಾಲ ಬಳಿ ಕೂತಿದ್ದ ಸರ್ವಮಂಗಳೆಯೇ ತಲೆಯೆತ್ತಿದಳು. “ಖಾಲಾ, ನೀವೇ ಬರ್ರಿ. ಅವ್ವನ ಕೈ ನಿಮಗೇ ಚೆನ್ನಾಗಿ ಗೊತ್ತು.”

ಎರಡು ಮನೆಯಾಚೆಯ ಮಾಬೂಬೀಯನ್ನು ಆ ಹುಡುಗಿ ಲಂಗ ತೊಡುತ್ತಿದ್ದ ಕಾಲದಿಂದಲೂ ಖಾಲಾ, ಅಂದರೆ ಚಿಕ್ಕಮ್ಮ, ಅಂತಲೇ ಕರೆಯುತ್ತಿದ್ದಳು. ಮಾಬೂಬೀ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಒಳಗೆ ಬಂದಳು. ಬಸವಣ್ಣೆಮ್ಮ ತನ್ನ ಸೆರಗನ್ನು ಒತ್ತಿ ಹಿಡಿದು ಪಕ್ಕಕ್ಕೆ ಸರಿದಳು.

ಗುರುಶಾಂತಮ್ಮನನ್ನು ಮೀಯಿಸಿ, ಹಣೆಗೆ ವಿಭೂತಿ ಬಳಿದು, ಎಡಗೈಯಲ್ಲಿ ಲಿಂಗವಿಟ್ಟು ಗೋಡೆಗೆ ಒರಗಿಸಿ ಕೂರಿಸಿದ್ದರು. ರಾತ್ರಿ ಮಲಗಿದವಳು ಭಾನುವಾರದ ಬೆಳಗು ನೋಡಲಿಲ್ಲ. ಮಾಬೂಬೀ ಅವಳ ಬಲಗೈಗೆ ಸಾಬೂನಿನ ನೀರು ಸವರಿ, ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿದಳು. ಬಳೆ ಜಾರಿ ಒಳಗೆ ಹೋಯಿತು. ಒಂದಾದ ಮೇಲೊಂದು ಏರಿಸುತ್ತ ಹೋದಾಗ ತೋರುಬೆರಳಿನ ಉಗುರು ಕಣ್ಣಿಗೆ ಬಿತ್ತು. ಮಿಕ್ಕ ಉಗುರುಗಳಂತಲ್ಲದೆ ಅದು ಸೊಟ್ಟಗೆ, ನಡುವೆ ಗೀರು ಬಿದ್ದು ಬೆಳೆದಿತ್ತು.

ಹೊರಗೆ ಕಟ್ಟೆಯ ಮೇಲೆ ಗಂಡಸರು ಮಣ್ಣು ಮಾಡಲು ಹಳ್ಳಿಯ ಹೊಲಕ್ಕೆ ಒಯ್ಯುವ ಲಾರಿಗೆ ಕಾಯುತ್ತಿದ್ದರು. ಬಸವಣ್ಣೆಮ್ಮನ ಗಂಡ ಕೊಟ್ಟೂರಪ್ಪ ತಮ್ಮನ ಪಕ್ಕದಲ್ಲಿ ಕೂತು ಮಾತಾಡುತ್ತಿದ್ದುದು ಕಿಟಕಿಯಿಂದ ಕೇಳಿಸುತ್ತಿತ್ತು. ತಮ್ಮ ಕರಿಬಸವರಾಜ, ಗುರುಶಾಂತಮ್ಮನ ಗಂಡ, ದಾವಣಗೆರೆಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಹೇಳುತ್ತಿದ್ದವರು, ಓಣಿಗೆಲ್ಲ ಮೇಷ್ಟ್ರು.

“ಕರಿಬಸಣ್ಣ, ಮನ್ಯಾಗೆ ಸಾವಾದ್ಮೇಲೆ ವರ್ಷದೊಳಗೆ ಮದುವಿ ಆಗ್ಬೇಕು, ಇಲ್ಲಾಂದ್ರೆ ಮೂರು ವರ್ಷ ಕಾಯ್ಬೇಕು. ನಮ್ಮ ಮಂಗಳನ್ನ ಕೇಳಿದ್ರಲ್ಲ, ಬಾತಿಯೋರು, ಅವರೂ ಮಣ್ಣಿಗೆ ಬರ್ತಾರೆ. ದಾರ್ಯಾಗೆ ಲಾರಿ ಹತ್ತುತಾರೆ. ಅಲ್ಲೇ ಮಾತು ಕೊಟ್ಟುಬಿಡ್ತೀನಿ. ನೀನು ನಾಳಿ ಧಾರವಾಡಕ್ಕೆ ಒಂದು ತಂತಿ ಹೊಡಿ, ಹುಡುಗಿ ಬರಲ್ಲ ಅಂತ.”

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡರು, ಅಷ್ಟೇ. ತಾನು ನೇಗಿಲ ಮೇಳಿ ಹಿಡಿದು ತಮ್ಮನ ಕೈಗೆ ಪುಸ್ತಕ ಕೊಟ್ಟ ಅಣ್ಣ ಅವನು. ಅಣ್ಣನಿಗೆ ಎದುರಾಡಿದ್ದು ಅವರ ಜನ್ಮದಲ್ಲೇ ಇರಲಿಲ್ಲ.

ಒಳಗೆ ಮಾಬೂಬೀಯ ಕೈ ನಿಂತಿತು. ಸರ್ವಮಂಗಳೆಯೂ ಕೇಳಿಸಿಕೊಂಡಿದ್ದಳು. ಬರುವ ಗುರುವಾರ ಅವಳು ಧಾರವಾಡದಲ್ಲಿ ಎಂ.ಎಸ್ಸಿ.ಗೆ ಸೇರಬೇಕಿತ್ತು. ತಾಯಿಯ ಸೀರೆಯ ನಿರಿಗೆಯನ್ನು ಅವಳು ಸುಮ್ಮನೆ ತೀಡುತ್ತ ಕೂತಳು.

*

ಎಂಟು ವರ್ಷದ ಹಿಂದೆ ಆ ತೋರುಬೆರಳಿಗೆ ಉಗುರುಸುತ್ತು ಆಗಿತ್ತು. ಓಣಿಯ ಹೆಂಗಸರು ಒಬ್ಬೊಬ್ಬರು ಒಂದೊಂದು ಸೊಪ್ಪು ಹೇಳಿದರು. ಒಬ್ಬಳು ಬೇವು ಅರೆದು ಕಟ್ಟು ಅಂದಳು, ಇನ್ನೊಬ್ಬಳು ತುಂಬೆ, ಮತ್ತೊಬ್ಬಳು ಲಕ್ಕಿ. ಮಾಬೂಬೀಯೂ ಮದರಂಗಿ ಅರೆದು ತಂದಳು. ಗುರುಶಾಂತಮ್ಮ ಯಾರಿಗೂ ಬ್ಯಾಡ ಅನ್ನದೆ ಎಲ್ಲವನ್ನೂ ಕಟ್ಟಿಕೊಂಡಳು. ಬೆರಳು ಬದನೆಕಾಯಿಯ ಹಾಗೆ ಊದಿತು. ಕೊನೆಗೆ ಡಾಕ್ಟರು ಕೊಯ್ದು ಕೀವು ತೆಗೆದ ಮೇಲೆ ನಿದ್ದೆ ಬಂತು. ಎದ್ದವಳೇ ಗಂಡನನ್ನು ಕೇಳಿದಳು:

“ಹತ್ತು ಮಂದಿ ಹತ್ತು ಸೊಪ್ಪು ಹೇಳಿದ್ರಲ್ಲ, ಅದ್ರಾಗೆ ಯಾವ್ದು ನಿಜ, ಯಾವ್ದು ಸುಳ್ಳು? ನೀವು ಗಿಡದ ಮೇಷ್ಟ್ರಲ್ಲೇನು? ನಿಮಗೆ ನೋಡಾಕೆ ಬರಲ್ಲೇನು?”

ಮೇಷ್ಟ್ರು ಮಾರನೇ ದಿನ ಗಾಯದ ಪಟ್ಟಿ ಬದಲಿಸುವಾಗ ಹತ್ತಿಯಲ್ಲಿ ಒಂದಿಷ್ಟು ಕೀವು ಒರೆಸಿ ಗಾಜಿನ ಕೊಳವೆಯೊಳಗೆ ಜೋಪಾನವಾಗಿ ಇಟ್ಟುಕೊಂಡರು.

ಕಾಲೇಜಿನಲ್ಲಿ ರೋಗಾಣು ಬೆಳೆಸುವ ಏರ್ಪಾಟು ಇರಲಿಲ್ಲ. ಕೆಲಸ ಮನೆಯ ಹಿತ್ತಿಲಿಗೆ ಬಂತು. ಬಟ್ಟಲುಗಳನ್ನು ಹಬೆಯಲ್ಲಿ ಬೇಯಿಸಲು ಹಳೆಯ ಇಡ್ಲಿ ಪಾತ್ರೆ, ಕಾವಿಗೆ ಬಲ್ಬು ಇಳಿಬಿಟ್ಟ ಮರದ ಪೆಟ್ಟಿಗೆ. ಈ ಜೀವಿಗಳಿಗೆ ಹಾಸಿಗೆಯೂ ಬೇಕು, ಊಟವೂ ಬೇಕು ಎಂದರು ಮೇಷ್ಟ್ರು. ಹಾಸಿಗೆಗೆ ಚೈನಾ ಗ್ರಾಸ್ ಆಯಿತು. ರಂಜಾನಿನ ಮಿಠಾಯಿಗೆಂದು ಮಾಬೂಬೀಯ ಗಂಡ ಹಯಾತ್ ಸಾಬ್ ತನ್ನ ಮಂಡಿಪೇಟೆಯ ಅಂಗಡಿಗೆ ತರಿಸುತ್ತಿದ್ದ ಕಡಲಪಾಚಿ ಅದು. ಕುದಿಸಿ ಆರಿಸಿದರೆ ಹೆಪ್ಪುಗಟ್ಟುತ್ತದೆ. ಊಟಕ್ಕೆ ಮಾತ್ರ ಮಾಂಸ ಬೇಯಿಸಿದ ನೀರು ಬೇಕೆಂದು ಪುಸ್ತಕದಲ್ಲಿತ್ತು. ಲಿಂಗ ಕಟ್ಟಿದ ಮನೆಯಲ್ಲಿ ಆ ಮಾತನ್ನು ಮೇಷ್ಟ್ರು ನೆಲ ನೋಡುತ್ತ ಹೇಳಿದರು.

ಗುರುಶಾಂತಮ್ಮ ತನ್ನ ಒಲೆಯತ್ತ ನೋಡಿದಳು. “ನಮ್ಮ ಒಲಿ ಮ್ಯಾಲೆ ಆಗಲ್ಲ. ಮಾಬೂ ಒಲಿ ಮ್ಯಾಲೆ ಆಗ್ತತೆ.”

ಹಾಗೆ ಮಾಬೂಬೀ ರೋಗಾಣುಗಳಿಗೆ ಅಡುಗೆ ಮಾಡಿದಳು. “ಇವೆಂಥಾ ಬೀಗರವ್ವಾ, ಮಸಾಲಿನೇ ಬ್ಯಾಡ ಅಂತಾವೆ,” ಎಂದು ನಗುತ್ತ ನೀರು ಸೋಸಿ ಮುಚ್ಚಿದ ಪಾತ್ರೆಯಲ್ಲಿ ಕೊಟ್ಟು ಕಳಿಸಿದಳು. ಬಟ್ಟಲು ಪೆಟ್ಟಿಗೆಯಿಂದ ಹೊರಬಂದ ದಿನ ಗುರುಶಾಂತಮ್ಮ ಓಡಿ ಬಂದು ಅವಳನ್ನು ಎಳೆದುಕೊಂಡು ಹೋದಳು. ಹೆಪ್ಪಿನ ಮೇಲೆ ಸಾಸಿವೆ ಕಾಳಿನಷ್ಟು ಹೊಂಬಣ್ಣದ ಚುಕ್ಕೆಗಳು ಎದ್ದಿದ್ದವು.

“ನೋಡೇ ಮಾಬೂ, ನನ್ನ ಬೆರಳಾಗೆ ಬಂಗಾರ ಇತ್ತು!”

ಆದರೆ ಮುಚ್ಚಿದ ಪಾತ್ರೆ ಸಾಬರ ಮನೆಯಿಂದ ಮೇಷ್ಟ್ರ ಮನೆಗೆ ಹೋಗುವುದನ್ನು ಓಣಿ ನೋಡಿತ್ತು. ಸುದ್ದಿ ಹರಿಹರ ದಾಟಿ ಮೇಷ್ಟ್ರ ಅಣ್ಣನಿದ್ದ ಕಡರನಾಯಕನಹಳ್ಳಿ ಮುಟ್ಟಿತು. ಬಸವಣ್ಣೆಮ್ಮ ಬಸ್ಸು ಹತ್ತಿ ಬಂದವಳು ಒಳಗೆ ಕಾಲಿಡದೆ ಕಟ್ಟೆಯ ಮೇಲೆ ನಿಂತೇ ಹೇಳಿದಳು: “ಇನ್ನು ಈ ಮನ್ಯಾಗೆ ನಾನು ನೀರು ಮುಟ್ಟಲ್ಲ.”

ಆ ಸಂಜೆ ಗುರುಶಾಂತಮ್ಮ ಮಾಬೂಬೀಯ ಅಡುಗೆಮನೆಯಲ್ಲಿ ಕೂತು ಅತ್ತಳು. “ಬಿಟ್ಟುಬಿಡು ಗುರಕ್ಕ, ಮನಿ ಒಡೆಯೋ ಕೆಲಸ ಯಾಕ ಬೇಕು?” ಎಂದಳು ಮಾಬೂಬೀ.

“ಕೆಲಸ ಬಿಡಲ್ಲ. ಊಟ ಬದಲಿಸ್ತೀನಿ,” ಎಂದು ಅವಳು ಮೂಗೊರೆಸಿಕೊಂಡಳು. “ಹುರುಳಿ ತಿಂದ ಎತ್ತು ಗಾಡಿ ಎಳಿತತೆ. ಈ ಹುಳಕ್ಕೆ ಸಾಲದೇನು?”

ಮೇಷ್ಟ್ರಿಗೆ ನಂಬಿಕೆ ಇರಲಿಲ್ಲ, ಆದರೂ ಹುರುಳಿ ಕಟ್ಟಿನಲ್ಲಿ ಹೆಪ್ಪು ಹಾಕಿ ನೋಡಿದರು. ಚುಕ್ಕೆಗಳು ತುಸು ತಡವಾಗಿ ಬಂದವು, ತುಸು ಸಣ್ಣಗೂ ಇದ್ದವು, ಆದರೆ ಬಂದವು. ಬಸವಣ್ಣೆಮ್ಮನಿಗೆ ಅದನ್ನು ಹೇಳಿಯೂ ಆಯಿತು. ಆಡಿದ ಮಾತು ಆಡಿದ್ದೇ ಎಂದು ಅವಳು ಪಟ್ಟು ಬಿಡಲಿಲ್ಲ. ಅಂದಿನಿಂದ ಬಂದಾಗಲೆಲ್ಲ ಊರಿಂದ ತಂದ ಚೊಂಬಿನ ನೀರನ್ನೇ ಕುಡಿದು ಹೋಗುವಳು.

ಮನೆಯಲ್ಲಿ ಸೊಪ್ಪಿನ ಕೆಲಸ ನಡೆಯಿತು. ಗುರುಶಾಂತಮ್ಮ ಕಲ್ಲಿನ ಒಳ್ಳಲ್ಲಿ ಕುಟ್ಟಿ ರಸ ಸೋಸುವಳು. ಮೇಷ್ಟ್ರು ಶಾಯಿ ಹೀರುವ ಒತ್ತುಕಾಗದದ ದುಂಡನೆಯ ಚೂರುಗಳನ್ನು ಅದರಲ್ಲಿ ನೆನೆಸಿ, ರೋಗಾಣು ಸವರಿದ ಹೆಪ್ಪಿನ ಮೇಲೆ ಇಡುವರು. ಸೊಪ್ಪಿನಲ್ಲಿ ಸತ್ವವಿದ್ದರೆ ಮಾರನೇ ಬೆಳಗ್ಗೆ ಚೂರಿನ ಸುತ್ತ ಏನೂ ಬೆಳೆಯದೆ ಒಂದು ತಿಳಿಯಾದ ಬಳೆ ಕಾಣುತ್ತದೆ. ಆಗಿನ್ನೂ ಚಿಕ್ಕವಳಿದ್ದ ಸರ್ವಮಂಗಳೆ ಸ್ಕೇಲು ಹಿಡಿದು ಆ ಬಳೆಯನ್ನು ಅಳೆಯುವಳು.

ಗುರುಶಾಂತಮ್ಮ ಬೇವಿನ ಮೇಲೆ ಪಂಥ ಕಟ್ಟಿದಳು, ಮಾಬೂಬೀ ಮದರಂಗಿಯ ಮೇಲೆ. ಬೆಳಗ್ಗೆ ನೋಡಿದರೆ ಬೇವಿನ ಚೂರನ್ನು ಹೊಂಬಣ್ಣದ ಚುಕ್ಕೆಗಳು ಮುತ್ತಿಕೊಂಡಿದ್ದವು. ಗುರುಶಾಂತಮ್ಮ ಮಧ್ಯಾಹ್ನದವರೆಗೆ ಯಾರ ಸಂಗಡವೂ ಮಾತಾಡಲಿಲ್ಲ. ಮದರಂಗಿಯ ಸುತ್ತ ಕೂದಲೆಳೆಯಷ್ಟು ಜಾಗ ಬಿಟ್ಟಿತ್ತು. “ಇದನ್ನ ಇದೆ ಅನ್ನೋಕೂ ಆಗಲ್ಲ, ಇಲ್ಲ ಅನ್ನೋಕೂ ಆಗಲ್ಲ,” ಎಂದು ಮೇಷ್ಟ್ರು ತಳ್ಳಿಹಾಕಿದರು. ಮಾಬೂಬೀಗೆ ಬೇಜಾರಾಯಿತು. ಆದರೆ ತನ್ನ ಮುಖ ನೋಡಿ ಅವರು ಸುಳ್ಳು ಹೇಳಲಿಲ್ಲವಲ್ಲ ಎಂದು ಒಂದು ಬಗೆಯ ಸಮಾಧಾನವೂ ಆಯಿತು.

ಒಂದು ದಿನ ಬಟ್ಟಲಲ್ಲಿ ಒಂದು ಚೂರಿಗೆ ಜಾಗ ಉಳಿದಿತ್ತು. ಮಾಬೂಬೀ ಸುಮ್ಮನೆ ತನ್ನ ಹಿತ್ತಿಲ ಪೇರಲ ಗಿಡದ ಎಲೆ ಕಿತ್ತು ಕೊಟ್ಟಳು. ಮಾರನೇ ಬೆಳಗ್ಗೆ ಅದರ ಸುತ್ತ ಎಳೆಗೂಸಿನ ಕೈಬಳೆಯಷ್ಟು ಅಗಲಕ್ಕೆ ತಿಳಿಯಾಗಿತ್ತು. ಮೇಷ್ಟ್ರು ನಂಬಲಿಲ್ಲ. ತಿಂಗಳುಗಟ್ಟಲೆ ಮತ್ತೆ ಮತ್ತೆ ಮಾಡಿಸಿದರು. ಪ್ರತಿಸಲವೂ ಬಳೆ ಬಂತು. ಆಗಲೂ ಅವರು ಹಿಗ್ಗಲಿಲ್ಲ. ಸೊಪ್ಪು ಕೇಳಿಕೊಂಡು ಬಂದವರಿಗೆ, “ಬಟ್ಟಲಾಗೆ ಸತ್ತದ್ದು ಮೈಯಾಗೂ ಸಾಯ್ತತೆ ಅಂತ ಹೇಳಾಕಾಗಲ್ಲ. ಗಾಯಕ್ಕೆ ಡಾಕ್ಟರ ಹತ್ರ ಹೋಗ್ರಿ,” ಎಂದು ಕಳಿಸಿಬಿಡುತ್ತಿದ್ದರು.

“ಎಲ್ಯಾಗೆ ಅಂಥಾದ್ದು ಏನೈತಪ್ಪಾ?” ಎಂದು ಸರ್ವಮಂಗಳೆ ಕೇಳಿದ್ದಕ್ಕೆ, “ಗೊತ್ತಿಲ್ಲವ್ವ. ಅದನ್ನ ಬಿಡಿಸಿ ನೋಡೋ ವಿದ್ಯೆ ನಂಗೆ ಬರಲ್ಲ,” ಅಂದಿದ್ದರು.

*

ಲಾರಿ ಬಂತು. ಹಯಾತ್ ಸಾಬ್ ಮಂಡಿಪೇಟೆಯಿಂದ ಮಾತಾಡಿ ಕರೆತಂದಿದ್ದ ಲಾರಿಗೆ ಬಾಳೆಕಂಬ ಕಟ್ಟಿದ್ದರು. ಗುರುಶಾಂತಮ್ಮನನ್ನು ಬಿದಿರಿನ ಮಂಟಪದಲ್ಲಿ ಕೂರಿಸಿ, ಚೆಂಡುಹೂವಿನ ಮಾಲೆ ಹಾಕಿ ಮೇಲೇರಿಸಿದರು. ಮೇಷ್ಟ್ರು ಹಿಂದೆ ಕೂತು ಹೆಂಡತಿಯ ಭುಜ ಹಿಡಿದುಕೊಂಡರು. ಭಜನೆಯವರು ಒಂದು ಮೂಲೆ, ಹೆಂಗಸರು ಒಂದು ಮೂಲೆ.

ಮಾಬೂಬೀ ಕೆಳಗೇ ನಿಂತಿದ್ದಳು. ಹತ್ತಬೇಕೋ ಬೇಡವೋ ತಿಳಿಯಲಿಲ್ಲ. ಸರ್ವಮಂಗಳೆ ಮೇಲಿನಿಂದ ಕೈ ಚಾಚಿದಳು. ಪಕ್ಕದಲ್ಲಿದ್ದ ಬಸವಣ್ಣೆಮ್ಮ ಮೊಣಕಾಲು ಮಡಿಸಿ ಒಂದಿಷ್ಟು ಜಾಗ ಮಾಡಿದಳು. ಮುಖ ಮಾತ್ರ ಬೇರೆ ಕಡೆಗಿತ್ತು.

“ಹತ್ತೋದಾದ್ರೆ ಹತ್ತು. ಲಾರಿ ಬಿಡ್ತಾರೆ.”

ಊರು ದಾಟುತ್ತಲೇ ಗಾಳಿ ತಣ್ಣಗೆ ಬೀಸಿತು. ಮುಂಗಾರಿನ ಮೊದಲ ಮಳೆಗೆ ಹೊಲಗಳು ಕಪ್ಪಾಗಿದ್ದವು. ಮುಂದೆ ಬಾತಿ, ಅಲ್ಲಿ ಲಾರಿ ನಿಲ್ಲುತ್ತದೆ. ಮಾಬೂಬೀಗೆ ಶುಕ್ರವಾರದ ಮಧ್ಯಾಹ್ನ ನೆನಪಾಯಿತು.

*

ಶುಕ್ರವಾರ ಗುರುಶಾಂತಮ್ಮ ಮಾಬೂಬೀಯ ಅಡುಗೆಮನೆಗೆ ಬಂದು ಮಣೆ ಎಳೆದುಕೊಂಡು ಕೂತಿದ್ದಳು.

“ಸೋಮವಾರ ಊರಿಗೆ ಹೋಗ್ತೀನಿ. ಮಂಗಳನ ವಿಷಯ ಭಾವನೋರ ಹತ್ರ ನಾನೇ ಮಾತಾಡ್ಬೇಕು. ಇವ್ರ ಬಾಯಿಂದ ಬರಲ್ಲ. ನಂಗೂ ಅವರ ಮುಂದೆ ನಾಲಿಗಿ ಏಳಲ್ಲ. ನೀನು ಭಾವ ಆಗು. ನಾನು ಹೇಳಿ ರೂಢಿ ಮಾಡ್ಕೊಂತೀನಿ.”

ಮಾಬೂಬೀ ಗಂಡನ ರುಮಾಲು ತಲೆಗೆ ಸುತ್ತಿಕೊಂಡು, ಇಲ್ಲದ ಮೀಸೆ ತಿರುವಿ, ಗಂಟಲು ದಪ್ಪ ಮಾಡಿದಳು. “ಅಲ್ಲವ್ವಾ, ಸೊಪ್ಪು ಕುಟ್ಟಾಕೆ ಧಾರವಾಡಕ್ಕೆ ಹೋಗ್ಬೇಕೇನು? ನಮ್ಮ ಮನ್ಯಾಗೆ ಒಳ್ಳಿಲ್ಲೇನು?”

ಗುರುಶಾಂತಮ್ಮ ನಗು ತಡೆದು ಸೆರಗು ಹೊದ್ದು ತಲೆ ತಗ್ಗಿಸಿ ಹೇಳಿದಳು. ತಪ್ಪಿದಾಗ ಮತ್ತೆ ಮೊದಲಿನಿಂದ ಹೇಳಿದಳು. ಮಾಬೂಬೀ ಅಡ್ಡ ಮಾತು ಹಾಕಿದಳು, ಅವಳು ಅದಕ್ಕೂ ಉತ್ತರ ಹುಡುಕಿದಳು. ಕೊನೆಗೆ ಇಬ್ಬರೂ ನಕ್ಕು ನಕ್ಕು ಒಲೆಯ ಮೇಲಿನ ಚಹಾ ಉಕ್ಕಿ ಹೋಯಿತು.

“ನೀನು ಒಪ್ಪಿದಷ್ಟು ಸಲೀಸಾಗಿ ನಮ್ಮ ಭಾವನೋರು ಒಪ್ಪಲ್ಲ ಬಿಡು,” ಎಂದು ಗುರುಶಾಂತಮ್ಮ ಕಣ್ಣೊರೆಸಿಕೊಂಡು ಎದ್ದಿದ್ದಳು.

*

ಬಾತಿಯ ಗುಡ್ಡ ಕಾಣತೊಡಗಿತು. ಲಾರಿಯ ಹಲಗೆ ಹಿಡಿದು ನಿಂತಿದ್ದ ಕೊಟ್ಟೂರಪ್ಪ ತಮ್ಮನ ಮಗಳಲ್ಲ, ಸ್ವಂತ ಮಗಳೆಂಬಂತೆ ಸರ್ವಮಂಗಳೆಯ ತಲೆ ಮುಟ್ಟಿದ.

“ಮಂಗಳಾ, ನಿಮ್ಮಪ್ಪ ಬಾಯಿ ಬಿಡಲ್ಲ. ಬಾತಿಯೋರಿಗೆ ನಾನೇ ಮಾತು ಕೊಡ್ತೀನಿ. ನಿಂದೇನಾರ ಐತೇನು?”

“ಧಾರವಾಡ, ದೊಡ್ಡಪ್ಪ...” ಎಂದು ಅವಳು ಶುರುಮಾಡಿದಳು. ಮುಂದಿನದು ಬರಲಿಲ್ಲ.

“ಸೊಪ್ಪು ಕುಟ್ಟಾಕೆ ಧಾರವಾಡ ಯಾಕವ್ವಾ? ನಮ್ಮೂರ ಹಂಪವ್ವ ಒಂದಕ್ಷರ ಕಲೀದೆ ದಿನಾ ಕುಟ್ತಾಳೆ.”

ಮಾಬೂಬೀ ಬೆಚ್ಚಿ ತಲೆಯೆತ್ತಿದಳು. ಶುಕ್ರವಾರ ತಾನು ಆಡಿದ ಮಾತು ಹೆಚ್ಚುಕಡಿಮೆ ಅದೇ. ಎದುರಿಗೆ ಗುರುಶಾಂತಮ್ಮ ಕೂತಿದ್ದಳು. ಉತ್ತರ ಹೇಳಬೇಕಾದವಳು ಅವಳು. ಲಾರಿ ಕುಲುಕಿದ ಹಾಗೆ ಮಾಲೆಯಷ್ಟೇ ಅಲುಗುತ್ತಿತ್ತು.

“ಭಾವಾರೆ,” ಎಂದಳು ಮಾಬೂಬೀ.

ಆ ಹೆಸರಿನಿಂದ ಅವಳು ಅವನನ್ನು ಎಂದೂ ಕರೆದಿರಲಿಲ್ಲ. ಅದು ಗುರುಶಾಂತಮ್ಮನ ಮಾತು. ಲಾರಿಯಲ್ಲಿದ್ದವರೆಲ್ಲ ತಿರುಗಿದರು. ತಾಳ ನಿಂತಿತು.

“ಭಾವಾರೆ, ಕುಟ್ಟೋದು ನಾನು ಕುಟ್ಟೀನಿ. ಎಂಟು ವರ್ಷ ಕುಟ್ಟೀನಿ. ಯಾವ ಸೊಪ್ಪು ಕೊಲ್ತತೆ ಅಂತ ಕಣ್ಣಾರೆ ನೋಡೀನಿ. ಯಾಕ ಕೊಲ್ತತೆ ಅನ್ನೋದು ನನ್ನ ಕೈಗೂ ಸಿಗಲಿಲ್ಲ, ಇವರ ಕೈಗೂ ಸಿಗಲಿಲ್ಲ. ಆ ‘ಯಾಕ’ ಧಾರವಾಡದಾಗೆ ಐತಂತೆ. ನನ್ನ ಮಗಳು ಹೋಗಿ ತರ್ತಾಳೆ.”

ಕೊಟ್ಟೂರಪ್ಪ ಅವಳನ್ನೇ ನೋಡಿದ. “ಇದು ಯಾರ ಮಾತವ್ವಾ?”

“ಗುರಕ್ಕಂದು. ನಾಳಿ ನಿಮ್ಮೂರಿಗೆ ಬಂದು ನಿಮ್ಮೆದ್ರು ಹೇಳ್ಬೇಕಂತ ಕಲ್ತಿದ್ಲು. ನಂದೇನಿಲ್ರಿ.”

“ವಯಸ್ಸು ಮೀರ್ತತಲ್ಲ,” ಅಂದ ಕೊಟ್ಟೂರಪ್ಪ. ದನಿ ತಗ್ಗಿತ್ತು. ಮಾಬೂಬೀಯನ್ನಲ್ಲ, ಮಂಟಪವನ್ನು ನೋಡಿ ಹೇಳಿದ ಹಾಗಿತ್ತು.

“ವಯಸ್ಸೇನು ಎಮ್ಮೀನೇನ್ರಿ ಕಟ್ಟಿ ಹಾಕಾಕೆ? ಓದಿದ್ರೂ ಮೀರ್ತತೆ, ಓದದಿದ್ರೂ ಮೀರ್ತತೆ. ಎರಡು ವರ್ಷ ಕೊಡ್ರಿ. ಆಮ್ಯಾಲೆ ನೀವೇ ಗಂಡು ತರ್ರಿ, ನಾನು ತುಟಿ ಬಿಚ್ಚಿದ್ರೆ ಕೇಳ್ರಿ.”

ಭಜನೆಯವನೊಬ್ಬ ನಗು ನುಂಗಿಕೊಂಡ. ಕೊಟ್ಟೂರಪ್ಪ ಮಾತ್ರ ನಗಲಿಲ್ಲ.

“ಆಕಿ ಇದ್ದಿದ್ರೆ ಆ ಮಾತು ಬ್ಯಾರೆ. ಈಗ ತಾಯಿ ಇಲ್ಲ. ರಜಾಕ್ಕೆ ಬಂದ್ರೆ ಬಾಗ್ಲು ತೆಗಿಯೋರು ಯಾರು? ತಲಿಗೆ ಎಣ್ಣಿ ಹಚ್ಚಿ ಎರೆಯೋರು ಯಾರು? ಅದನ್ನ ಹೇಳು.”

ಶುಕ್ರವಾರ ಈ ಪ್ರಶ್ನೆ ಇರಲಿಲ್ಲ. ಮಾಬೂಬೀ ಗುರುಶಾಂತಮ್ಮನ ಮುಖ ನೋಡಿದಳು. ಅಲ್ಲಿಂದ ಏನೂ ಬರುವಂತಿರಲಿಲ್ಲ. ಹೇಳಲು ತನ್ನ ಮಾತೊಂದೇ ಉಳಿದಿತ್ತು.

“ನಾನು ತೆಗಿತೀನ್ರಿ. ನಾನೇ ಎರೀತೀನಿ. ಎರಡು ಮನಿ ಅಂತರ ಐತೆ ಅಷ್ಟೇ.”

“ನೀನೊಬ್ಬಾಕಿನೇ ಯಾಕ ಎರೀತೀಯ?” ಬಸವಣ್ಣೆಮ್ಮ ಸಿಡುಕಿದಳು. ಬೆಳಗಿನಿಂದ ಬಿಗಿಹಿಡಿದದ್ದೆಲ್ಲ ದನಿಯಲ್ಲಿ ಒಡೆಯಿತು. “ನಾವೇನು ಸತ್ತೀವೇನು? ನಮ್ಮ ಮನಿ ಮಗಳು, ರಜಾಕ್ಕೆ ಬಂದ್ರೆ ನಾನು ಬಂದು ಎರೀತೀನಿ. ದಸರಾಕ್ಕೆ ನಾನು ಬರ್ತೀನಿ, ಬೇಸಿಗಿಗೆ ಬೇಕಾದ್ರೆ ನೀನು ನೋಡ್ಕೋ.”

ಬಸವಣ್ಣೆಮ್ಮನಿಗೆ ತಾನು ಏನು ಒಪ್ಪಿಕೊಂಡೆ ಎಂಬುದು ಆಮೇಲೆ ಹೊಳೆಯಿತೋ ಏನೋ, ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಆಗ ಹಿಂದಿನಿಂದ ಮೇಷ್ಟ್ರ ದನಿ ಕೇಳಿಸಿತು. ಹೆಂಡತಿಯ ಭುಜದಿಂದ ಅವರು ಕೈ ತೆಗೆದಿರಲಿಲ್ಲ.

“ಅಣ್ಣಾ, ನಾನು ತಂತಿ ಕೊಡಲ್ಲ.”

ಲಾರಿ ಬಾತಿಯಲ್ಲಿ ನಿಂತಿತು. ಹೂಮಾಲೆ ಹಿಡಿದು ಕಾಯುತ್ತಿದ್ದ ಹುಡುಗನ ತಂದೆಯನ್ನು ಕೊಟ್ಟೂರಪ್ಪ ತಾನೇ ಕೈಹಿಡಿದು ಹತ್ತಿಸಿಕೊಂಡ. ನಿಮ್ಮ ಕಡೆ ಮಳೆ ಹೆಂಗೆ, ಬಿತ್ತನೆ ಆಯಿತೇ ಎಂದು ಕೇಳಿದ. ಹರಿಹರದ ಪೇಟೆ ದಾಟಿ ಮಣ್ಣಿನ ರಸ್ತೆ ಹಿಡಿದರೂ ಮದುವೆಯ ಮಾತು ಅವನ ಬಾಯಿಂದ ಬರಲಿಲ್ಲ.

*

ಕಡರನಾಯಕನಹಳ್ಳಿಯ ಹೊಲದಲ್ಲಿ, ಅತ್ತೆ ಮಾವಂದಿರ ಪಕ್ಕದಲ್ಲಿ ಗುರುಶಾಂತಮ್ಮನನ್ನು ಕೂರಿಸಿದರು. ಐನೋರು ಮಂತ್ರ ಹೇಳಿದರು. ವಿಭೂತಿ, ಉಪ್ಪು, ಬಿಲ್ವಪತ್ರೆ ಬಿದ್ದವು. ಎಲ್ಲರೂ ಮೂರು ಹಿಡಿ ಮಣ್ಣು ಹಾಕಿದರು. ಮಾಬೂಬೀಯೂ ಹಾಕಿದಳು, ತುಟಿಯಲ್ಲಿ ತನಗೆ ಬಂದ ದುವಾ ಹೇಳಿಕೊಂಡಳು. ಯಾರೂ ಏನೂ ಅನ್ನಲಿಲ್ಲ.

ಕಾಲುವೆಯಲ್ಲಿ ಕೈಕಾಲು ತೊಳೆದು, ತಲೆಗೆ ನೀರು ಹಾಕಿಕೊಂಡು ಜನ ಲಾರಿಯತ್ತ ನಡೆದರು. ಸರ್ವಮಂಗಳೆ ಒದ್ದೆ ಕೂದಲು ಬಿಟ್ಟುಕೊಂಡು ಏರಿಯ ಮೇಲೆ ತಂದೆಯ ಪಕ್ಕ ಕೂತಿದ್ದಳು. ಮಾಬೂಬೀ ಅವಳ ಸೆರಗು ಹಿಂಡಿಕೊಡುತ್ತಿದ್ದಳು. ಕೊಟ್ಟೂರಪ್ಪ ಎಲ್ಲೂ ಕಾಣಲಿಲ್ಲ. ಲಾರಿಯವನು ಹಾರನ್ ಹೊಡೆದ.

ಬದುವಿನ ಗುಂಟ ಅವನು ಬರುತ್ತಿದ್ದ. ಪಂಚೆಗೆಲ್ಲ ಉತ್ತರಾಣಿ ಮುಳ್ಳು ಹತ್ತಿತ್ತು. ಕೈಯಲ್ಲಿ ಯಾವುದೋ ಗಿಡದ ರೆಂಬೆಯಿತ್ತು, ಸಣ್ಣ ಎಲೆ, ನೀಲಿ ಛಾಯೆಯ ದೇಟು. ಹುಡುಗಿಯ ಮುಂದೆ ನಿಂತು ಅದನ್ನು ಚಾಚಿದ.

“ಇದನ್ನ ದನ ಮೂಸಿ ನೋಡಿ ಬಿಡ್ತಾವೆ. ಬುಡಕ್ಕೆ ಗೆದ್ದಲೂ ಹತ್ತಲ್ಲ. ಹೆಸರು ನಂಗೊತ್ತಿಲ್ಲ.”

ಸರ್ವಮಂಗಳೆ ಒಂದೆಲೆ ಕಿತ್ತು ಬೆರಳಲ್ಲಿ ಹೊಸಕಿ ಮೂಸಿದಳು. ತಂದೆಯ ಮೂಗಿಗೂ ಹಿಡಿದಳು. ಮೇಷ್ಟ್ರು ಇನ್ನೊಂದು ಎಲೆಯನ್ನು ಬಿಸಿಲಿಗೆ ಎತ್ತಿ, ಅದರ ನರಗಳನ್ನು ನೋಡುತ್ತ ನಿಂತುಬಿಟ್ಟರು.

“ಬಿಸಿಲಿಗೆ ಬಾಡ್ತತೆ, ತಡಿ,” ಎಂದು ಕೊಟ್ಟೂರಪ್ಪ ಹೆಗಲ ಮೇಲಿನ ವಲ್ಲಿಯನ್ನು ಕಾಲುವೆಯಲ್ಲಿ ಅದ್ದಿದ. ಹಿಂಡಿ, ಏರಿಯ ಮೇಲೆ ಹಾಸಿ, ರೆಂಬೆಯನ್ನು ಅದರಲ್ಲಿ ಮಲಗಿಸಿ, ಎಲೆ ಮುರಿಯದ ಹಾಗೆ ಒಂದೊಂದೇ ಅಂಚು ಮಡಿಸಿ ಸುತ್ತತೊಡಗಿದ.